ಗಡಿ ಕಾಣುವಂತೆ ಬರೆಯಿರಿ: ಕೋಡ್‌ನಲ್ಲಿ ಹೋಲಿಕೆಯ ಆಪರೇಟರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೋಡ್ ರಿವ್ಯೂ ಮಾಡುವಾಗ ದೊಡ್ಡ ಫಂಕ್ಷನ್‌ಗಳ ಮೇಲೆ ಎಲ್ಲರ ಕಣ್ಣೂ ಇರುತ್ತದೆ. `ವಯಸ್ಸು > 12` ಎಂಬಂಥ ಪುಟ್ಟ ಸಾಲು ಮಾತ್ರ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ. ಸರಿಯಾಗಿ 12 ತುಂಬಿದ ಹುಡುಗನಿಗೆ ಏನಾಗಬೇಕು ಎಂದು ಕೇಳಿದರೆ ಆ ಸಾಲು ಬರೆದವರೂ ಒಂದು ಕ್ಷಣ ತಡವರಿಸುತ್ತಾರೆ. ಹೋಲಿಕೆಯಲ್ಲಿ ಬಗ್ ಸೇರಿಕೊಳ್ಳುವುದು ಹೆಚ್ಚಾಗಿ ಅಲ್ಲೇ, ಎರಡೂ ಬದಿ ಸಮವಾಗುವ ಜಾಗದಲ್ಲಿ. ಇಲ್ಲಿ ಹೇಳುವ ನಿಯಮಗಳಲ್ಲಿ ಹೆಚ್ಚಿನವು ಅದೊಂದಕ್ಕಾಗಿಯೇ ಇವೆ: ಗಡಿಯ ಮೇಲೆ ನಿಂತ ಬೆಲೆಗೆ ಏನಾಗುತ್ತದೆ ಎಂಬುದು ಸಾಲು ಓದಿದ ಕೂಡಲೇ ಗೊತ್ತಾಗಬೇಕು.

ಉದಾಹರಣೆಗಳು ಮುಂಬೈ–ಪುಣೆಯ ದಿನಚರಿಯವು: ಲೋಕಲ್ ಟಿಕೆಟ್, ಮಳೆ, ಪುಣೆಯ ಐಟಿ ಪ್ರದೇಶ ಹಿಂಜವಡಿಯ ನೈಟ್ ಶಿಫ್ಟ್. ಸೊಲ್ಲಾಪುರ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಇವು ಹೊಸವಲ್ಲ. ಓದಲು ಸುಲಭವಾಗಲೆಂದು ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇವೆ. `<=` ಎಂದರೆ ಚಿಕ್ಕದು ಅಥವಾ ಸಮ, `>=` ಎಂದರೆ ದೊಡ್ಡದು ಅಥವಾ ಸಮ. `&&` ಎಂದರೆ ಎರಡೂ ನಿಜವಾಗಬೇಕು, `||` ಎಂದರೆ ಒಂದಾದರೂ ನಿಜವಾಗಬೇಕು, `!` ಎಂದರೆ ಉಲ್ಟಾ. ಪೈಥಾನ್‌ನಲ್ಲಿ ಈ ಚಿಹ್ನೆಗಳ ಬದಲು ಪದಗಳಿವೆ, ಲೆಕ್ಕ ಒಂದೇ.

1. ಟೈಪ್ ಮಾಡುವ ಮೊದಲು ಗಡಿಯನ್ನು ಕೇಳಿ

ಕ್ಲೈಂಟ್ ಕಡೆಯಿಂದ ಬರುವ ಬೇಡಿಕೆಯಲ್ಲಿ "12ರವರೆಗೆ", "12ರೊಳಗೆ", "12 ದಾಟಿದರೆ" ಎಂಬ ಮಾತುಗಳಿರುತ್ತವೆ. ಇವುಗಳಲ್ಲಿ 12 ಸೇರಿತೋ ಇಲ್ಲವೋ ಎಂದು ಊಹಿಸಬೇಡಿ, ಕೇಳಿ ಬರೆದುಕೊಳ್ಳಿ. ಲೋಕಲ್ ರೈಲಿನ ನಿಯಮವನ್ನೇ ನೋಡಿ: 5 ತುಂಬದ ಮಗುವಿಗೆ ಟಿಕೆಟ್ ಬೇಡ, 5 ತುಂಬಿ 12 ತುಂಬದವರಿಗೆ ಮಕ್ಕಳ ದರ, 12 ತುಂಬಿದ ಮೇಲೆ ಪೂರ್ತಿ ದರ. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಏಕೆಂದರೆ "ತುಂಬಿದ", "ತುಂಬದ" ಎಂಬೆರಡೇ ಸ್ಥಿತಿಗಳಿವೆ. ಕೋಡ್ ಕೂಡ ಅಷ್ಟೇ ನೇರವಾಗಿರಬೇಕು:

```
ಉಚಿತ      = ವಯಸ್ಸು < 5
ಮಕ್ಕಳ_ದರ  = 5 <= ವಯಸ್ಸು && ವಯಸ್ಸು < 12
ಪೂರ್ತಿ_ದರ = ವಯಸ್ಸು >= 12
```

ಇದನ್ನು ಬರೆದಾಗಲೇ ಪರೀಕ್ಷೆಯ ಬೆಲೆಗಳೂ ಸಿದ್ಧವಾದವು: 4, 5, 11, 12. ಪ್ರತಿ ಗಡಿಗೂ ಎರಡು ಬೆಲೆ ಬೇಕು, ಗಡಿಯದ್ದೊಂದು ಮತ್ತು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದ್ದೊಂದು. 8, 30 ಕೊಟ್ಟು ಪಾಸಾದ ಟೆಸ್ಟ್‌ನಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾದರಿ ಜಿಎಸ್‌ಟಿ ನೋಂದಣಿ. ಮಹಾರಾಷ್ಟ್ರ, ಗೋವಾದಲ್ಲಿ ಬರೀ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಬೇಕು. "ಮೀರಿದರೆ" ಎಂದಿರುವುದರಿಂದ ಸರಿಯಾಗಿ 40,00,000 ಇದ್ದವರು ಹೊರಗೆ. ಹಾಗಾಗಿ `>=` ಅಲ್ಲ, `>`. ಅಂದಹಾಗೆ ಪೈಥಾನ್, ಜಾವಾ, ಈಚಿನ ಜಾವಾಸ್ಕ್ರಿಪ್ಟ್ ಮೂರರಲ್ಲೂ ಅಂಕಿಗಳ ನಡುವೆ ಅಡಿಗೆರೆ ಹಾಕಬಹುದು. ಅದು ಮೂರು ಮೂರು ಅಂಕಿಗೇ ಬರಬೇಕೆಂದೇನಿಲ್ಲ. `40_00_000` ಎಂದು ನಮ್ಮ ಲಕ್ಷದ ಲೆಕ್ಕದಲ್ಲೇ ಬರೆದರೆ ಸೊನ್ನೆ ಎಣಿಸುವ ಕೆಲಸ ತಪ್ಪುತ್ತದೆ. ಇನ್ನೂ ಒಳ್ಳೆಯದೆಂದರೆ ಹೆಸರು ಕೊಡುವುದು:

```
ನೋಂದಣಿ_ಬೇಕು = ವಹಿವಾಟು > ನೋಂದಣಿ_ವಿನಾಯಿತಿ_ಗರಿಷ್ಠ
```

ಹೆಸರೇ ಗಡಿಯನ್ನು ಹೇಳಬೇಕು. ಬರೀ `ಮಿತಿ` ಎಂದರೆ ಅದು ಒಳಗಿನದೋ ಹೊರಗಿನದೋ ತಿಳಿಯದು. `ಕನಿಷ್ಠ`, `ಗರಿಷ್ಠ` ಎಂದಿದ್ದರೆ ಆ ಬೆಲೆಯೂ ಸೇರಿದೆ ಎಂದೂ, `ಆರಂಭ`, `ಅಂತ್ಯ` ಎಂದಿದ್ದರೆ ಆರಂಭ ಸೇರಿದೆ, ಅಂತ್ಯ ಸೇರಿಲ್ಲ ಎಂದೂ ತಂಡ ಒಮ್ಮೆ ಒಪ್ಪಿಕೊಂಡುಬಿಟ್ಟರೆ ಮುಂದೆ ಬಹಳ ಚರ್ಚೆ ತಪ್ಪುತ್ತದೆ.

2. ಶ್ರೇಣಿಯನ್ನು ಸಂಖ್ಯಾರೇಖೆಯಂತೆ ಜೋಡಿಸಿ

ಎರಡು ಗಡಿಗಳಿರುವ ಕಡೆ ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಇರಲಿ. ಬಳಸುವುದು `<` ಮತ್ತು `<=` ಮಾತ್ರ.

```
ವಯಸ್ಸು < 12 && ವಯಸ್ಸು >= 5      // ಕಣ್ಣು ಹಿಂದೆ ಮುಂದೆ ಓಡುತ್ತದೆ
5 <= ವಯಸ್ಸು && ವಯಸ್ಸು < 12      // ರೇಖೆಯ ಮೇಲೆ ಇದ್ದಂತೆಯೇ
```

ಹೊರಗಿದ್ದಾನೆ ಎಂದು ಹೇಳುವಾಗಲೂ ಇದೇ ಕ್ರಮ: `ವಯಸ್ಸು < 5 || 12 <= ವಯಸ್ಸು`. ಇಲ್ಲಿ ವೇರಿಯಬಲ್ ಎರಡು ತುದಿಗಳಲ್ಲಿದೆ, ಗಡಿಗಳು ನಡುವೆ ಇವೆ. ಒಳಗಿದ್ದಾಗ ವೇರಿಯಬಲ್ ನಡುವೆ, ಗಡಿಗಳು ತುದಿಗೆ. ಓದುವವರಿಗೆ ಚಿಹ್ನೆ ಬಿಡಿಸಿ ನೋಡುವ ಅಗತ್ಯವೇ ಬೀಳುವುದಿಲ್ಲ, ಆಕಾರವೇ ಹೇಳುತ್ತದೆ.

ಒಂದೇ ಗಡಿ ಇದ್ದರೆ ಈ ನಿಯಮಕ್ಕೆ ಜೋತುಬೀಳಬೇಡಿ. ಆಗ ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಅದು ಎಡಕ್ಕಿರಲಿ: `ವಹಿವಾಟು > 40_00_000`. ಇದನ್ನು ತಿರುಗಿಸಿ "40 ಲಕ್ಷ ವಹಿವಾಟಿಗಿಂತ ಕಡಿಮೆಯಾದರೆ" ಎಂದು ಯಾರೂ ಆಡುವುದಿಲ್ಲ.

ಪೈಥಾನ್‌ನಲ್ಲಿ `5 <= ವಯಸ್ಸು < 12` ಎಂದು ಸರಪಳಿಯಾಗಿ ಬರೆಯಬಹುದು. ಬರೆಯಿರಿ, ಅದಕ್ಕಿಂತ ಸ್ಪಷ್ಟವಾದ ರೂಪವಿಲ್ಲ. ಆದರೆ ಇದೇ ಸಾಲನ್ನು ಸಿ ಅಥವಾ ಜಾವಾಸ್ಕ್ರಿಪ್ಟ್‌ಗೆ ಹಾಗೆಯೇ ಎತ್ತಿ ಹಾಕಿದರೆ ಎರರ್ ಬರದೆ ತಪ್ಪು ಉತ್ತರ ಬರುತ್ತದೆ. ಅಲ್ಲಿ ಮೊದಲು `5 <= ವಯಸ್ಸು` ಲೆಕ್ಕವಾಗಿ 0 ಅಥವಾ 1 ಆಗುತ್ತದೆ. ಆಮೇಲೆ ಆ 0 ಅಥವಾ 1 ಅನ್ನು 12ರೊಂದಿಗೆ ಹೋಲಿಸುವುದರಿಂದ ಯಾವಾಗಲೂ ನಿಜ. ಇದೇ ಕಾರಣಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ `3 > 2 > 1` ಸುಳ್ಳು. ಜಾವಾದಲ್ಲಿ ಬೂಲಿಯನ್ನನ್ನು ಸಂಖ್ಯೆಯೊಂದಿಗೆ ಹೋಲಿಸಲು ಕಂಪೈಲರ್ ಬಿಡುವುದಿಲ್ಲವಾದ್ದರಿಂದ ಅಲ್ಲಿಯವರು ಬಚಾವು.

3. ಎಡಗಡಿ ಒಳಗೆ, ಬಲಗಡಿ ಹೊರಗೆ

ಹಲವು ಶ್ರೇಣಿಗಳು ಒಂದರ ಪಕ್ಕ ಒಂದು ಬಂದಾಗ ನಿಜವಾದ ಕಷ್ಟ ಶುರು. ಹವಾಮಾನ ಇಲಾಖೆ 24 ಗಂಟೆಯ ಮಳೆಯನ್ನು ಮಿಲಿಮೀಟರ್‌ನಲ್ಲಿ ಹೀಗೆ ವಿಂಗಡಿಸುತ್ತದೆ: 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದರ ಮೇಲೆ ಅತ್ಯಂತ ಭಾರಿ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ದಾಖಲಾದ 944 ಮಿಲಿಮೀಟರ್ ಯಾವ ಗುಂಪಿಗೆ ಸೇರುತ್ತದೆಂದು ಯಾರಿಗೂ ಅನುಮಾನ ಬಾರದು. ಅನುಮಾನ ಬರುವುದು ಗುಂಪುಗಳ ನಡುವಿನ ಸಂದಿಯಲ್ಲಿ. ಪಟ್ಟಿಯನ್ನು ಇದ್ದಹಾಗೆ ಕೋಡ್‌ಗೆ ಇಳಿಸಿದರೆ:

```
64.5  <= ಮಳೆ && ಮಳೆ <= 115.5    // ಭಾರಿ
115.6 <= ಮಳೆ && ಮಳೆ <= 204.4    // ಅತಿ ಭಾರಿ
```

ಮಾಪಕದಿಂದ ಬರುವ ಬೆಲೆ ಒಂದೇ ದಶಮಾಂಶದ್ದಾಗಿರುವ ತನಕ ಇದು ನಡೆಯುತ್ತದೆ. ಯಾರೋ ಕೊಲಾಬಾದ 108.3 ಮತ್ತು ಸಾಂತಾಕ್ರೂಜ್‌ನ 122.8 ಕೂಡಿಸಿ ಸರಾಸರಿ ತೆಗೆದರು ಎನ್ನಿ. ಬಂದದ್ದು 115.55. ಅದು ಭಾರಿಯೂ ಅಲ್ಲ, ಅತಿ ಭಾರಿಯೂ ಅಲ್ಲ. ಯಾವ ಗುಂಪಿಗೂ ಸೇರದೆ ಹೊರಗೆ ಬಿದ್ದು ಡ್ಯಾಶ್‌ಬೋರ್ಡ್‌ನಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ. ಒಂದರ ಬಲಗಡಿಯೇ ಮುಂದಿನದರ ಎಡಗಡಿಯಾಗಲಿ:

```
64.5  <= ಮಳೆ && ಮಳೆ < 115.6
115.6 <= ಮಳೆ && ಮಳೆ < 204.5
ಮಳೆ >= 204.5
```

ಈಗ ಸಂದಿಯಿಲ್ಲ, ಎರಡು ಕಡೆ ಸೇರುವ ಬೆಲೆಯೂ ಇಲ್ಲ. 115.6 ಎಂಬ ಸಂಖ್ಯೆ ಎರಡು ಕಡೆ ಬಂದಿದೆಯಾದ್ದರಿಂದ ಅದಕ್ಕೊಂದು ಹೆಸರು ಕೊಟ್ಟರೆ ನಾಳೆ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆಯುವ ಭಯವೂ ಹೋಯಿತು. (115.55 ಅನ್ನು ಹತ್ತಿರದ ದಶಮಾಂಶಕ್ಕೆ ತಂದು ಆಮೇಲೆ ವಿಂಗಡಿಸಬೇಕೇ ಎಂಬುದು ಹವಾಮಾನದವರನ್ನು ಕೇಳಬೇಕಾದ ಪ್ರಶ್ನೆ. ಕೋಡ್ ತಾನಾಗಿ ತೀರ್ಮಾನಿಸಬಾರದು.)

ಎಡ ಸೇರಿಸಿ ಬಲ ಬಿಡುವ ಈ ಕ್ರಮದ ಪರವಾಗಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಅವರ ವಾದ ಇಂದಿಗೂ ನಿಲ್ಲುತ್ತದೆ: ಅಂತ್ಯದಿಂದ ಆರಂಭ ಕಳೆದರೆ ಉದ್ದ ಸಿಗುತ್ತದೆ, ಪಕ್ಕದ ಶ್ರೇಣಿಗಳು ಒಂದೇ ಸಂಖ್ಯೆಯಲ್ಲಿ ಕೂಡುತ್ತವೆ, ಖಾಲಿ ಶ್ರೇಣಿ ಎಂದರೆ ಎರಡೂ ಗಡಿ ಒಂದೇ. ಅರೇ (ಸಾಲಾಗಿ ಜೋಡಿಸಿಟ್ಟ ಬೆಲೆಗಳ ಪಟ್ಟಿ) ಮೇಲಿನ ಲೂಪ್ `0 <= ಐ && ಐ < ಉದ್ದ` ಎಂದೇ ಬರುವುದೂ ಇದೇ ಲೆಕ್ಕದಿಂದ. `ಐ <= ಉದ್ದ - 1` ಎಂದು ಬರೆಯುವವರಿಗೆ ಒಂದು ಎಚ್ಚರಿಕೆ: ಉದ್ದ ಚಿಹ್ನೆಯಿಲ್ಲದ (ಋಣ ಬೆಲೆ ಹಿಡಿಯದ) ಪೂರ್ಣಾಂಕವಾಗಿದ್ದು 0 ಆದರೆ, ಒಂದು ಕಳೆದಾಗ ಅದು ಋಣವಾಗದೆ ಅತಿ ದೊಡ್ಡ ಸಂಖ್ಯೆಯಾಗುತ್ತದೆ.

ದಿನಾಂಕದ ವಿಷಯದಲ್ಲಿ ಇದನ್ನು ಕಡ್ಡಾಯ ಮಾಡಿ. ಮುಂಬೈಯಲ್ಲಿ ಬ್ಯಾಂಕ್, ಬ್ರೋಕರೇಜ್ ಕಡೆಯ ಕೆಲಸ ಮಾಡುವವರಿಗೆ ಮಾರ್ಚ್ 31 ಎಂದರೆ ವರ್ಷದ ಲೆಕ್ಕ ಮುಗಿಯುವ ದಿನ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್‌ನ `ಬಿಟ್ವೀನ್` ಎರಡೂ ಗಡಿಗಳನ್ನು ಸೇರಿಸಿಕೊಳ್ಳುತ್ತದೆ, ನಿಜ. ಆದರೆ ಕಾಲಮ್‌ನಲ್ಲಿ ಗಂಟೆ ನಿಮಿಷವೂ ಇದ್ದು ನೀವು ಬಲಗಡಿಗೆ ಬರೀ `2025-03-31` ಕೊಟ್ಟರೆ ಅದನ್ನು ಆ ದಿನದ ನಡುರಾತ್ರಿ 00:00 ಎಂದು ಓದಲಾಗುತ್ತದೆ. ಅಲ್ಲಿಗೆ 31ರ ಹಗಲಿನ ವ್ಯವಹಾರವೆಲ್ಲ ವರದಿಯಿಂದ ಮಾಯ. ಅದನ್ನು ಸರಿಪಡಿಸಲು `23:59:59` ಎಂದು ಬರೆಯುವುದು ಇನ್ನೊಂದು ತೇಪೆ. ಆ ಕೊನೆಯ ಸೆಕೆಂಡಿನ ಭಾಗಗಳಲ್ಲಿ ಬಂದ ಸಾಲುಗಳು ಆಗಲೂ ತಪ್ಪಿಹೋಗುತ್ತವೆ. ಸರಿಯಾದ ರೂಪ ಒಂದೇ:

```
'2024-04-01' <= ಸಮಯ ಮತ್ತು ಸಮಯ < '2025-04-01'
```

ಫೆಬ್ರುವರಿಗೆ 28 ದಿನವೋ 29 ದಿನವೋ ಎಂದು ನೋಡುವ ಗೊಡವೆಯೂ ಇದರಲ್ಲಿಲ್ಲ.

4. ನಡುರಾತ್ರಿ ದಾಟುವ ಶ್ರೇಣಿ

ರಾತ್ರಿ 22 ಗಂಟೆಯಿಂದ ಬೆಳಗಿನ 6ರ ತನಕ ನೈಟ್ ಶಿಫ್ಟ್ ಎನ್ನಿ. ಅಭ್ಯಾಸಬಲದಿಂದ ಕೈ ಬರೆಯುವುದು `22 <= ಗಂಟೆ && ಗಂಟೆ < 6`. 22ಕ್ಕಿಂತ ದೊಡ್ಡದಾಗಿ 6ಕ್ಕಿಂತ ಚಿಕ್ಕದಾದ ಸಂಖ್ಯೆ ಇಲ್ಲವಾದ್ದರಿಂದ ಇದು ಎಂದೂ ನಿಜವಾಗದು, ರಾತ್ರಿ ಭತ್ಯೆ ಯಾರಿಗೂ ಸಿಗದು. ಬೇಕಾದದ್ದು `22 <= ಗಂಟೆ || ಗಂಟೆ < 6`. ಆರಂಭ, ಅಂತ್ಯ ಎರಡೂ ಡೇಟಾಬೇಸ್‌ನಿಂದ ಬರುವುದಾದರೆ `ಆರಂಭ <= ಅಂತ್ಯ` ಇದ್ದಾಗ `&&`, ಇಲ್ಲದಿದ್ದಾಗ `||` ಎಂದು ಒಂದೇ ಫಂಕ್ಷನ್‌ನಲ್ಲಿ ಬರೆದು ಎಲ್ಲೆಡೆ ಅದನ್ನೇ ಕರೆಯಿರಿ. ಇನ್ನೊಂದು: ಗಂಟೆಯನ್ನು ಮಾತ್ರ ಹೋಲಿಸುವಾಗ `ಗಂಟೆ <= 6` ಎಂದರೆ 6:59 ಕೂಡ ಒಳಗೆ ಬಂತು.

5. ಸಮಾನತೆ: ಒಂದು, ಎರಡು, ಮೂರು ಗೆರೆಜೋಡಿ

ಸಿ ವಂಶದ ಭಾಷೆಗಳಲ್ಲಿ `=` ಬೆಲೆ ಕೊಡುತ್ತದೆ, `==` ಹೋಲಿಸುತ್ತದೆ. ಒಂದು ಚಿಹ್ನೆ ಬಿಟ್ಟುಹೋದರೆ ಷರತ್ತು ಹೋಲಿಸುವುದನ್ನು ಬಿಟ್ಟು ಬೆಲೆಯನ್ನೇ ಬದಲಿಸುತ್ತದೆ. ಇದಕ್ಕೆ ಹಳೆಯ ಉಪಾಯ ಸ್ಥಿರ ಬೆಲೆಯನ್ನು ಎಡಕ್ಕೆ ಇಡುವುದು: `5 == ಸ್ಥಿತಿ`. ಒಂದು ಚಿಹ್ನೆ ತಪ್ಪಿದರೆ `5 = ಸ್ಥಿತಿ` ಆಗಿ ಕಂಪೈಲರ್ ಬೈಯುತ್ತದೆ. ಇದನ್ನು ಯೋಡಾ ಶೈಲಿ ಎನ್ನುತ್ತಾರೆ, ವರ್ಡ್‌ಪ್ರೆಸ್‌ನ ಪಿಎಚ್‌ಪಿ ನಿಯಮಾವಳಿ ಇದನ್ನೇ ಬಯಸುತ್ತದೆ. ಅಂಥ ಯೋಜನೆಯಲ್ಲಿದ್ದರೆ ಅಲ್ಲಿಯ ನಿಯಮ ಪಾಲಿಸಿ. ಉಳಿದ ಕಡೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಎರಡು ಬದಿಯೂ ವೇರಿಯಬಲ್ ಆಗಿದ್ದಾಗ ಅದು ಕಾಪಾಡುವುದಿಲ್ಲ. ಓದುವಾಗ ತಲೆಕೆಳಗಾಗುತ್ತದೆ. ಸಿ ಕಂಪೈಲರ್‌ಗಳಾದ ಜಿಸಿಸಿ, ಕ್ಲ್ಯಾಂಗ್ ಎರಡೂ ಷರತ್ತಿನೊಳಗಿನ `=` ಕಂಡರೆ ಎಚ್ಚರಿಸುತ್ತವೆ, ಆ ಎಚ್ಚರಿಕೆಯನ್ನು ಎರರ್ ಮಾಡಿಬಿಟ್ಟರೆ ಸಾಕು. ಪೈಥಾನ್‌ನಲ್ಲಂತೂ ಅಲ್ಲಿ `=` ಬರೆಯಲೇ ಆಗದು.

ಆದರೆ ಆ ಎಚ್ಚರಿಕೆಗೂ ಒಂದು ಕಿಂಡಿಯಿದೆ. `=` ಸುತ್ತ ಇನ್ನೊಂದು ಆವರಣ ಹಾಕಿದರೆ "ಬೇಕೆಂದೇ ಬರೆದಿದ್ದಾರೆ" ಎಂದುಕೊಂಡು ಕಂಪೈಲರ್ ಸುಮ್ಮನಾಗುತ್ತದೆ. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ಕದ್ದು ತುರುಕಿದ ಎರಡು ಸಾಲು ಇದನ್ನೇ ಬಳಸಿಕೊಂಡಿತ್ತು: ಬಳಕೆದಾರನ ಗುರುತು 0 ಇದೆಯೇ ಎಂದು ನೋಡಿದಂತೆ ಕಾಣುವ ಆವರಣದೊಳಗೆ ಇದ್ದದ್ದು ಒಂದೇ `=`, ಅಂದರೆ ಓಡಿಸಿದವನಿಗೆ ರೂಟ್, ಎಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ. ಮೂಲ ಪ್ರತಿಗೂ ಆ ನಕಲಿಗೂ ತಾಳೆಯಾಗದೆ ಅದು ಸಿಕ್ಕಿಬಿತ್ತು. ಹೀಗಾಗಿ ರಿವ್ಯೂನಲ್ಲಿ ಷರತ್ತಿನೊಳಗೆ ಒಂಟಿ `=` ಕಂಡರೆ, ಸರಿಯಿದ್ದರೂ, ಮೇಲಿನ ಸಾಲಿಗೆ ಬಿಡಿಸಿ ಬರೆಯಲು ಹೇಳಿ.

ಜಾವಾಸ್ಕ್ರಿಪ್ಟ್‌ನಲ್ಲಿ `===` ಮಾತ್ರ ಬಳಸಿ. `==` ಎರಡು ಬದಿಯ ಟೈಪ್‌ಗಳನ್ನು ತನಗೆ ತೋಚಿದಂತೆ ಬದಲಿಸಿ ಹೋಲಿಸುತ್ತದೆ: `0 == ''` ನಿಜ, `0 == '0'` ನಿಜ, `'' == '0'` ಮಾತ್ರ ಸುಳ್ಳು. ಒಂದೇ ಒಂದು ವಿನಾಯಿತಿ ಕೊಡಬಹುದು: `ಬೆಲೆ == ನಲ್` ಎಂದರೆ ನಲ್ (ಬೆಲೆಯಿಲ್ಲ) ಮತ್ತು ಅನ್‌ಡಿಫೈನ್ಡ್ (ಬೆಲೆ ಕೊಟ್ಟೇ ಇಲ್ಲ) ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. `<`, `>=` ಮುಂತಾದವುಗಳಿಗೆ ಮೂರು ಚಿಹ್ನೆಯ ರೂಪವೇ ಇಲ್ಲ, ಎರಡು ಬದಿಯ ಟೈಪ್ ಬೇರೆಯಾದರೆ ಅವು ಬದಲಿಸಿಯೇ ಹೋಲಿಸುತ್ತವೆ. `ನಲ್ > 0` ಸುಳ್ಳು, `ನಲ್ == 0` ಸುಳ್ಳು, ಆದರೂ `ನಲ್ >= 0` ನಿಜ! ಫಾರ್ಮ್‌ನಿಂದ ಬಂದ `'10' < '9'` ಕೂಡ ನಿಜ, ಏಕೆಂದರೆ ಎರಡೂ ಸ್ಟ್ರಿಂಗ್. ಹೋಲಿಸುವ ಮೊದಲೇ ಸಂಖ್ಯೆಯಾಗಿ ಬದಲಿಸಿಕೊಳ್ಳಿ. ಪಿಎಚ್‌ಪಿಯಲ್ಲಿ 0 ಅನ್ನು ಅಕ್ಷರಗಳ ಸ್ಟ್ರಿಂಗ್‌ಗೆ `==` ಮಾಡಿದರೆ ನಿಜ ಎನ್ನುತ್ತಿದ್ದ ಕಾಲವಿತ್ತು. 2020ರ 8ನೇ ಆವೃತ್ತಿಯಲ್ಲಿ ಅದು ಸರಿಹೋಯಿತು.

ಬೆಲೆ ಒಂದೇಯೋ, ವಸ್ತು ಒಂದೇಯೋ ಎಂಬುದು ಇನ್ನೊಂದು ಗೊಂದಲ. ಜಾವಾದಲ್ಲಿ ಎರಡು ಇಂಟಿಜರ್ ಆಬ್ಜೆಕ್ಟ್‌ಗಳನ್ನು `==` ಮಾಡಿದರೆ ಸಾಮಾನ್ಯವಾಗಿ 127ಕ್ಕೆ ನಿಜ, 128ಕ್ಕೆ ಸುಳ್ಳು. −128ರಿಂದ 127ರವರೆಗಿನವನ್ನು ಭಾಷೆ ಮೊದಲೇ ಮಾಡಿಟ್ಟು ಹಂಚುತ್ತದೆ, ಉಳಿದವು ಹೊಸವು. ಟೆಸ್ಟ್‌ನಲ್ಲಿ ಚಿಕ್ಕ ಸಂಖ್ಯೆ ಹಾಕಿದವರಿಗೆ ಇದು ಪ್ರೊಡಕ್ಷನ್‌ನಲ್ಲೇ ತಿಳಿಯುವುದು. ಆಬ್ಜೆಕ್ಟ್, ಸ್ಟ್ರಿಂಗ್‌ಗಳಿಗೆ ಈಕ್ವಲ್ಸ್ ಮೆಥಡ್ ಬಳಸಿ. ಪೈಥಾನ್‌ನ ಮುಖ್ಯ ರೂಪವಾದ ಸಿಪೈಥಾನ್‌ನಲ್ಲೂ −5ರಿಂದ 256ರವರೆಗೆ ಇದೇ ಕಥೆ. ಅಲ್ಲಿ `ಈಸ್` ಎಂಬುದು ಬೆಲೆಯಿಲ್ಲ ಎಂದು ಸೂಚಿಸುವ `ನನ್` ಒಂದಕ್ಕೆ ಮಾತ್ರ ಮೀಸಲಿರಲಿ; ಸಂಖ್ಯೆ, ಸ್ಟ್ರಿಂಗ್‌ಗೆ `==`.

ಎಸ್‌ಕ್ಯೂಎಲ್‌ನ ನಲ್ ಯಾವುದಕ್ಕೂ ಸಮವಲ್ಲ, ತನಗೂ ಸಮವಲ್ಲ. `=` ಬದಲು `ಈಸ್ ನಲ್` ಎಂದೇ ಬರೆಯಬೇಕು. `ನಾಟ್ ಇನ್` ಪಟ್ಟಿಯಲ್ಲಿ ಒಂದೇ ಒಂದು ನಲ್ ಸೇರಿಕೊಂಡರೂ ಇಡೀ ಕ್ವೆರಿ ಒಂದು ಸಾಲನ್ನೂ ಕೊಡುವುದಿಲ್ಲ. ಎರರ್ ಕೂಡ ಬರುವುದಿಲ್ಲ.

6. ಆವರಣ ಎಲ್ಲಿ ಬೇಕು

`ಎ < ಬಿ && ಸಿ < ಡಿ` ಎಂಬಲ್ಲಿ ಆವರಣ ಬೇಡ, ಹೋಲಿಕೆ ಮೊದಲು ಎಂಬುದು ಎಲ್ಲರಿಗೂ ಗೊತ್ತು. `&&` ಮತ್ತು `||` ಒಂದೇ ಸಾಲಿನಲ್ಲಿ ಬೆರೆತರೆ ಹಾಕಿ. ಸಂಖ್ಯೆಯ ಒಂದೊಂದು ಬಿಟ್ ಮೇಲೆ ಕೆಲಸ ಮಾಡುವ ಬಿಟ್ ಆಪರೇಟರ್ ಹೋಲಿಕೆಯೊಂದಿಗೆ ಬಂದರೆ ತಪ್ಪದೆ ಹಾಕಿ:

```
ಫ್ಲ್ಯಾಗ್ & ಮಾಸ್ಕ್ == 0        // ಸಿಯಲ್ಲಿ: ಫ್ಲ್ಯಾಗ್ & (ಮಾಸ್ಕ್ == 0)
(ಫ್ಲ್ಯಾಗ್ & ಮಾಸ್ಕ್) == 0
```

ಈ ವಿಚಿತ್ರಕ್ಕೆ ಕಾರಣ ಸಿಯ ಪೂರ್ವಜ ಬಿ ಭಾಷೆ. ಅಲ್ಲಿ ಷರತ್ತು ಕೂಡಿಸಲೂ ಇದೇ ಒಂಟಿ `&` ಇತ್ತು. ಆಮೇಲೆ `&&` ಬಂದರೂ, ಆಗಲೇ ಬರೆದಿದ್ದ ಕೋಡ್ ಕೆಡಬಾರದೆಂದು `&`ನ ಸ್ಥಾನವನ್ನು ಮೇಲೆತ್ತಲಿಲ್ಲ. ಜಾವಾ, ಜಾವಾಸ್ಕ್ರಿಪ್ಟ್ ಆ ಕ್ರಮವನ್ನು ಹಾಗೇ ತೆಗೆದುಕೊಂಡವು. ಗೋ ಮತ್ತು ಪೈಥಾನ್ ತಿದ್ದಿಕೊಂಡವು, ಅಲ್ಲಿ `&` ಮೊದಲು. ಆದ್ದರಿಂದ ಕೋಷ್ಟಕದ ಡೇಟಾ ನೋಡಿಕೊಳ್ಳುವ ಪೈಥಾನ್‌ನ ಪ್ಯಾಂಡಾಸ್‌ನಲ್ಲಿ ತೊಂದರೆ ಉಲ್ಟಾ ಬರುತ್ತದೆ: ಎರಡು ಕಾಲಮ್ ಷರತ್ತುಗಳನ್ನು `&`ನಿಂದ ಸೇರಿಸುವಾಗ ಪ್ರತಿ ಹೋಲಿಕೆಗೂ ಆವರಣ ಬೇಕೇ ಬೇಕು.

ಕಮಾಂಡ್‌ಗಳನ್ನು ಬರೆದು ಓಡಿಸುವ ಶೆಲ್‌ನಲ್ಲಿ ಇನ್ನೂ ಕೆಟ್ಟದ್ದಿದೆ. ಒಂಟಿ ಚೌಕ ಆವರಣದೊಳಗೆ `>` ಬರೆದರೆ ಅದು ಹೋಲಿಕೆಯಲ್ಲ, ಔಟ್‌ಪುಟ್ ತಿರುಗಿಸುವ ಚಿಹ್ನೆ. `[ $ಎಣಿಕೆ > 10 ]` ಎಂದರೆ `10` ಹೆಸರಿನ ಖಾಲಿ ಫೈಲ್ ಹುಟ್ಟಿ, ಷರತ್ತು ನಿಜವಾಗುತ್ತದೆ. ಸರ್ವರ್‌ನ ಫೋಲ್ಡರ್‌ನಲ್ಲಿ ಅಂಕಿ ಹೆಸರಿನ ಫೈಲ್ ಕಂಡರೆ ಹುಡುಕಬೇಕಾದದ್ದು ಇದನ್ನೇ. ಬ್ಯಾಶ್ ಎಂಬ ಶೆಲ್‌ನಲ್ಲಿ ಸಂಖ್ಯೆಗೆ `(( ಎಣಿಕೆ > 10 ))` ಬಳಸಿ. (ಶೆಲ್ ಕನ್ನಡದ ಹೆಸರು ಒಪ್ಪುವುದಿಲ್ಲ, ಇಲ್ಲಿ ಓದಲಿಕ್ಕಾಗಿ ಮಾತ್ರ.)

7. ಉಲ್ಟಾ ಷರತ್ತು, ಬೂಲಿಯನ್

`!(ವಯಸ್ಸು < 5 || ವಯಸ್ಸು >= 12)` ಎಂಬುದನ್ನು ಬಿಡಿಸಿ: ಪ್ರತಿ ಹೋಲಿಕೆಯನ್ನೂ ಅದರ ಎದುರಾಳಿಗೆ ಬದಲಿಸಿ, `||` ಇದ್ದಲ್ಲಿ `&&` ಹಾಕಿದರೆ ಮತ್ತೆ ಸಂಖ್ಯಾರೇಖೆಯ ರೂಪ ಬರುತ್ತದೆ. `<` ಎದುರಾಳಿ `>=` ಎಂಬುದನ್ನು ನೆನಪಿಡಿ, `>` ಅಲ್ಲ. ಗಡಿ ಬೆಲೆ ಕಳೆದುಹೋಗುವುದು ಹೆಚ್ಚಾಗಿ ಈ ಬಿಡಿಸುವ ಹೊತ್ತಿನಲ್ಲೇ. ದಶಮಾಂಶ ಸಂಖ್ಯೆಗಳಲ್ಲಿ ಮಾತ್ರ ಹುಷಾರು. ಒಂದು ಬದಿ ನ್ಯಾನ್ ("ಇದು ಸಂಖ್ಯೆಯಲ್ಲ" ಎಂಬ ವಿಶೇಷ ಬೆಲೆ) ಆಗಿದ್ದರೆ `<` ಕೂಡ ಸುಳ್ಳು, `>=` ಕೂಡ ಸುಳ್ಳು, ಆಗ `!(ಎ < ಬಿ)` ಮತ್ತು `ಎ >= ಬಿ` ಬೇರೆ ಬೇರೆ ಉತ್ತರ ಕೊಡುತ್ತವೆ.

ಜಾವಾದ ದಿನಾಂಕಗಳಲ್ಲಿ ಹಿಂದೆ, ಮುಂದೆ ಎಂಬ ಮೆಥಡ್‌ಗಳಿವೆ, "ಆ ದಿನ ಅಥವಾ ಅದಕ್ಕೂ ಮೊದಲು" ಎನ್ನಲು "ಮುಂದಿಲ್ಲ" ಎಂದು ಬರೆಯಬೇಕಾಗುತ್ತದೆ. ಅದನ್ನು `ಗಡುವಿನೊಳಗಿದೆ` ಎಂಬ ಹೆಸರಿನ ಚಿಕ್ಕ ಫಂಕ್ಷನ್‌ನಲ್ಲಿ ಮುಚ್ಚಿಡಿ.

`ಪಾವತಿಯಾಗಿದೆ == ನಿಜ` ಬೇಡ, `ಪಾವತಿಯಾಗಿದೆ` ಸಾಕು. ಸಿಯಲ್ಲಂತೂ ಇದು ಬರೀ ಅಂದದ ಮಾತಲ್ಲ. ಅಕ್ಷರವೋ ಅಲ್ಲವೋ ಎಂದು ನೋಡುವ ಗ್ರಂಥಾಲಯ (ಸಿದ್ಧ ಕೋಡ್‌ನ ಸಂಗ್ರಹ) ಫಂಕ್ಷನ್‌ಗಳು ಹೌದು ಎನ್ನಲು 1 ಕೊಡುತ್ತವೆಂಬ ಭರವಸೆಯಿಲ್ಲ, ಸೊನ್ನೆಯಲ್ಲದ ಯಾವುದನ್ನಾದರೂ ಕೊಡಬಹುದು. 1ಕ್ಕೆ ಹೋಲಿಸಿದರೆ ಸುಳ್ಳಾಗಬಹುದು.

8. ದಶಮಾಂಶ, ಹಣ, ಚಿಹ್ನೆಯಿಲ್ಲದ ಸಂಖ್ಯೆ

`0.1 + 0.2 == 0.3` ಸುಳ್ಳು, ಎಡಬದಿ 0.30000000000000004 ಆಗುತ್ತದೆ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಆಗ `==` ನೆಮ್ಮದಿಯಾಗಿ ಬಳಸಬಹುದು. ಅಳತೆಗಳಿಗೆ ವ್ಯತ್ಯಾಸ ನೋಡಿ: `|ಎ − ಬಿ| <= ಸಹಿಷ್ಣುತೆ`, ಸಹಿಷ್ಣುತೆ ಎಷ್ಟೆಂದು ಮಾಪಕದ ನಿಖರತೆ ತೀರ್ಮಾನಿಸಲಿ. ಪೈಥಾನ್‌ನ ಈಸ್‌ಕ್ಲೋಸ್ ಫಂಕ್ಷನ್ ತಾನಾಗಿ ಬಳಸುವುದು ಶತಕೋಟಿಯಲ್ಲೊಂದರಷ್ಟು ಸಾಪೇಕ್ಷ ವ್ಯತ್ಯಾಸ, ನೇರ ವ್ಯತ್ಯಾಸದ ಅವಕಾಶ 0. ಹಾಗಾಗಿ ಸೊನ್ನೆಗೆ ಹೋಲಿಸುವಾಗ ನೇರ ಸಹಿಷ್ಣುತೆಯನ್ನು ಕೈಯಾರೆ ಕೊಡದಿದ್ದರೆ ಅದು ಸೊನ್ನೆಯನ್ನು ಬಿಟ್ಟು ಯಾವುದನ್ನೂ ಒಪ್ಪದು.

ಸಿಯಲ್ಲಿ −1 ಅನ್ನು ಚಿಹ್ನೆಯಿಲ್ಲದ 1ರೊಂದಿಗೆ ಹೋಲಿಸಿದರೆ −1 ದೊಡ್ಡದಾಗುತ್ತದೆ, 32 ಬಿಟ್‌ನಲ್ಲಿ ಅದು 4294967295. ಜಿಸಿಸಿಯಲ್ಲಿ ಇದರ ಎಚ್ಚರಿಕೆ ಸಿ++ಗೆ ಸಾಮಾನ್ಯ ಗುಂಪಿನಲ್ಲೇ ಇದೆ, ಸಿಗೆ ಹೆಚ್ಚುವರಿ ಗುಂಪನ್ನು ಆನ್ ಮಾಡಬೇಕು.

9. ಕನ್ನಡ ಹೆಸರುಗಳನ್ನು ಹೋಲಿಸುವಾಗ

ಕನ್ನಡ ಸಂಘದ ಸದಸ್ಯರ ಪಟ್ಟಿಯೋ, ಮದುವೆ ಹಾಲ್ ಬುಕಿಂಗೋ, ಹೆಸರು ಕನ್ನಡದಲ್ಲಿದ್ದರೆ `==` ನಂಬಬೇಡಿ. ಯೂನಿಕೋಡ್‌ನಲ್ಲಿ "ಕೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಕೆಗೆ ಬೇರೆ. ಅಕ್ಷರಗಳನ್ನು ಕೂಡಿಸಲು, ಬಿಡಿಸಲು ಬಳಸುವ ಕಾಣದ ಸಂಕೇತಗಳು ಇನ್ನೊಂದು ತಲೆನೋವು. ಒಳಗೆ ತೆಗೆದುಕೊಳ್ಳುವಾಗಲೇ ಯೂನಿಕೋಡ್ ನಾರ್ಮಲೈಸೇಶನ್‌ನ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸಿ. ಆದರೆ ಎನ್‌ಎಫ್‌ಸಿ ಆ ಕಾಣದ ಸಂಕೇತಗಳನ್ನು ತೆಗೆಯುವುದಿಲ್ಲ, ಹುಡುಕಾಟಕ್ಕೆ ಅವನ್ನು ತೆಗೆದ ಇನ್ನೊಂದು ಕಾಲಮ್ ಇಟ್ಟುಕೊಳ್ಳಿ.

ಕ್ರಮದಲ್ಲೂ ತೊಡಕಿದೆ. ವರ್ಣಮಾಲೆಯಲ್ಲಿ ಳ ಕೊನೆಯದು, ಯೂನಿಕೋಡ್ ಪಟ್ಟಿಯಲ್ಲಿ ಅದು ಲ ಮತ್ತು ವ ನಡುವೆ ಕೂತಿದೆ. ಮರಾಠಿಯ ಳಕ್ಕೂ ಇದೇ ಗತಿ. ಬರೀ `<` ಹಾಕಿ ವಿಂಗಡಿಸಿದರೆ ಪಟ್ಟಿ ಓದುಗರ ಎಣಿಕೆಯಂತೆ ಬರುವುದಿಲ್ಲ. ಯೂನಿಕೋಡ್ ಕೆಲಸಕ್ಕಿರುವ ಐಸಿಯುನಂಥ ಗ್ರಂಥಾಲಯದ ಕೊಲೇಟರ್ (ಭಾಷೆಯ ಕ್ರಮದಂತೆ ಹೋಲಿಸುವ ಸಾಧನ) ಬಳಸಿ ಹೋಲಿಸಿ.

ವಿಂಗಡಣೆಗೆ ನೀವೇ ಹೋಲಿಕೆ ಫಂಕ್ಷನ್ ಬರೆದರೆ `ಎ - ಬಿ` ಹಿಂದಿರುಗಿಸುವ ಚುಟುಕು ದಾರಿ ಬೇಡ. ದೊಡ್ಡ ಧನ ಸಂಖ್ಯೆಯಿಂದ ದೊಡ್ಡ ಋಣ ಸಂಖ್ಯೆ ಕಳೆದಾಗ ಪೂರ್ಣಾಂಕ ತನ್ನ ಮಿತಿ ಮೀರಿ ಉಕ್ಕಿ ಉತ್ತರದ ಚಿಹ್ನೆಯೇ ಬದಲಾಗುತ್ತದೆ. ಸಮ ಬೆಲೆಗಳಿಗೆ 0 ಕೊಡುವುದನ್ನೂ ಮರೆಯಬೇಡಿ. ಜಾವಾ 7ರಿಂದ ಈಚೆಗೆ ಇಂಥ ತಪ್ಪು ಫಂಕ್ಷನ್ ಕೊಟ್ಟರೆ ವಿಂಗಡಣೆ ಕೆಲವೊಮ್ಮೆ ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ, ಅದೂ ಪಟ್ಟಿ ದೊಡ್ಡದಾದಾಗ.

10. ಸಾಲಿನ ಅಂದ

ಆಪರೇಟರ್‌ನ ಎರಡೂ ಬದಿ ಒಂದೊಂದು ಸ್ಪೇಸ್. ಷರತ್ತು ಉದ್ದವಾದರೆ `&&` ಮೊದಲು ಬರುವಂತೆ ಸಾಲು ಮುರಿಯಿರಿ; ಪೈಥಾನ್‌ನ ಶೈಲಿ ಕೈಪಿಡಿಯೂ 2016ರಿಂದ ಹೊಸ ಕೋಡ್‌ಗೆ ಈ ಕ್ರಮವನ್ನೇ ಸೂಚಿಸುತ್ತದೆ. ಮೂರು ಹೋಲಿಕೆ ದಾಟಿದರೆ ಮುರಿಯುವುದಕ್ಕಿಂತ ಹೆಸರು ಕೊಡುವುದೇ ಮೇಲು: `ಮಕ್ಕಳ_ದರ && ಪೀಕ್_ಅವರ್_ಅಲ್ಲ`. ಫೀರಾ ಕೋಡ್‌ನಂಥ ಫಾಂಟ್‌ಗಳು `!=`, `>=`ಗಳನ್ನು ಒಂದೇ ಚಿತ್ರವಾಗಿ ತೋರಿಸುತ್ತವೆ. ನಿಮ್ಮ ತೆರೆಯಲ್ಲಿ ಚೆಂದವೇ, ಆದರೆ ಹೊಸಬರಿಗೆ ಸ್ಕ್ರೀನ್ ಹಂಚಿ ಕಲಿಸುವಾಗ ಆರಿಸಿಡಿ. ಆ ಚಿಹ್ನೆಯನ್ನು ಕೀಬೋರ್ಡ್‌ನಲ್ಲಿ ಹುಡುಕುತ್ತಾ ಕೂರುತ್ತಾರೆ.

11. ಹಳೆಯ ಕೋಡ್‌ಗೆ ಜಾರಿ ಮಾಡುವ ಬಗೆ

ನಿಯಮಗಳನ್ನು ಒಂದು ಪುಟದಲ್ಲಿ ಬರೆದು, ಉಪಕರಣ ನೋಡಿಕೊಳ್ಳಬಲ್ಲದ್ದನ್ನು ಉಪಕರಣಕ್ಕೇ ಬಿಡಿ. ಜಾವಾಸ್ಕ್ರಿಪ್ಟ್ ಕೋಡ್ ತಪಾಸಿಸುವ ಇಎಸ್‌ಲಿಂಟ್‌ನಲ್ಲಿ `===` ಕಡ್ಡಾಯ ಮಾಡುವ ನಿಯಮ ಆನ್ ಮಾಡಿ, ನಲ್‌ಗೆ ವಿನಾಯಿತಿ ಕೊಡಿ. ಯೋಡಾ ನಿಯಮವನ್ನೂ ಆನ್ ಮಾಡುವುದಾದರೆ ಅದರಲ್ಲಿ ಶ್ರೇಣಿಗೆ ಇರುವ ವಿನಾಯಿತಿಯನ್ನು ಮರೆಯಬೇಡಿ, ಇಲ್ಲದಿದ್ದರೆ `5 <= ವಯಸ್ಸು` ಎಂಬುದನ್ನೇ ತಪ್ಪೆನ್ನುತ್ತದೆ. ಪೈಥಾನ್‌ಗೆ ರಫ್ ಎಂಬ ತಪಾಸಣೆ ಉಪಕರಣದ ಇ711, ಇ712, ಎಫ್632 ನಿಯಮಗಳು ಸಾಕು.

ಸ್ವಯಂ ತಿದ್ದುಪಡಿಯನ್ನು ಕಣ್ಣುಮುಚ್ಚಿ ಓಡಿಸಬೇಡಿ. `==` ಅನ್ನು `===` ಮಾಡಿದರೆ, ಇಷ್ಟು ದಿನ ಸ್ಟ್ರಿಂಗ್–ಸಂಖ್ಯೆ ಬೆರಕೆಯ ಮೇಲೆಯೇ ನಡೆಯುತ್ತಿದ್ದ ಸಾಲು ನಿಲ್ಲಬಹುದು. ಅದಕ್ಕೇ ಇಎಸ್‌ಲಿಂಟ್ ತೀರಾ ಖಚಿತವಾದ ಕೆಲವೇ ಕಡೆ ತಾನಾಗಿ ತಿದ್ದುತ್ತದೆ, ಉಳಿದವನ್ನು ಕೈಯಲ್ಲೇ ನೋಡಬೇಕು. ಪೈಥಾನ್‌ನಿಂದ ಡೇಟಾಬೇಸ್ ಕ್ವೆರಿ ಕಟ್ಟುವ ಗ್ರಂಥಾಲಯ ಎಸ್‌ಕ್ಯೂಎಲ್‌ಆಲ್ಕೆಮಿಯ ಫಿಲ್ಟರ್‌ನಲ್ಲಿರುವ `ಕಾಲಮ್ == ನನ್` ಎಂಬುದನ್ನು `ಈಸ್` ಮಾಡಿದರಂತೂ ಕ್ವೆರಿಯೇ ಕೆಡುತ್ತದೆ. ಅಲ್ಲಿ `==` ಹೋಲಿಸುವುದಿಲ್ಲ, ಕ್ವೆರಿಯ ತುಣುಕು ಕಟ್ಟುತ್ತದೆ. ಅದಕ್ಕೆ ಆ ಗ್ರಂಥಾಲಯದ್ದೇ ಮೆಥಡ್ ಇದೆ.

ಒಂದು ನಿಯಮಕ್ಕೆ ಒಂದು ಕಮಿಟ್ (ಒಟ್ಟಿಗೆ ದಾಖಲಿಸಿದ ಬದಲಾವಣೆ). ಬರೀ ರೂಪ ಬದಲಾದ ಕಮಿಟ್‌ನಲ್ಲಿ `<` ಎಂಬುದು `<=` ಆಗಕೂಡದು; ಗಡಿ ತಪ್ಪೆಂದು ಕಂಡರೆ ಅದನ್ನು ಬೇರೆ ಕಮಿಟ್‌ನಲ್ಲಿ, 4, 5, 11, 12 ಮಾದರಿಯ ಟೆಸ್ಟ್ ಜೊತೆ ತಿದ್ದಿ. ರೂಪದ ಕಮಿಟ್‌ಗಳ ಗುರುತುಗಳನ್ನು ಒಂದು ಫೈಲ್‌ನಲ್ಲಿ ಬರೆದು ಗಿಟ್‌ಗೆ ತಿಳಿಸಿದರೆ, 2019ರ 2.23ನೇ ಆವೃತ್ತಿಯಿಂದ ಈಚೆಗೆ, ಯಾವ ಸಾಲು ಯಾರದೆಂದು ತೋರಿಸುವ ಅದರ ಬ್ಲೇಮ್ ಆ ಕಮಿಟ್‌ಗಳನ್ನು ದಾಟಿ ಮೂಲ ಬರೆದವರನ್ನೇ ತೋರಿಸುತ್ತದೆ.